ಅಗಲಿದ ಗಣ್ಯರು, ಉಳಿದ ಗೊಂದಲಗಳು

ಕರ್ನಾಟಕದಲ್ಲಿ ಯಾರಾದರೂ ದೊಡ್ಡವರು ತೀರಿಕೊಂಡರೆ ದೆಹಲಿಯ ಮಯೂರ್ ವಿಹಾರದಲ್ಲಿ ನಮ್ಮ ಮನೆಯ ಫೋನು ಬಡಿದುಕೊಳ್ಳುತ್ತದೆ. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅನುವಾದಕಿಯಾಗಿದ್ದು ನಿವೃತ್ತಳಾದವಳು. ಸತ್ತವರಿಗೂ ನನಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಇಲ್ಲಿನ ಕನ್ನಡ ಸಂಘದಲ್ಲಿ ಒಂದು ಸಲ ಒಬ್ಬ ಗಾಯಕರ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದೆ. ಎದುರಿಗಿದ್ದ ಇಬ್ಬರು ಕಣ್ಣೊರೆಸಿಕೊಂಡರು. ಅವರಲ್ಲೊಬ್ಬರಿಗೆ ಆಗತಾನೆ ಕಣ್ಣಿನ ಆಪರೇಷನ್ ಆಗಿತ್ತು ಎಂಬುದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ "ಸತ್ತವರ ಬಗ್ಗೆ ಮೇಡಂ ತುಂಬಾ ಚೆನ್ನಾಗಿ ಮಾತಾಡ್ತಾರೆ" ಎಂಬ ಹೆಸರು ಬಂದುಬಿಟ್ಟಿತ್ತು. ಅಂದಿನಿಂದ ಸಂಘದ ಸಂತಾಪವೆಲ್ಲ ನನ್ನ ಪಾಲಿಗೆ. ಸಂತಾಪದ ಜೊತೆಗೆ ಎಡವಟ್ಟುಗಳೂ.

ಖಳನಾಯಕರ ಫೋಟೊ

ಹಳೆಯ ಸಿನಿಮಾಗಳ ಖಳನಟರೊಬ್ಬರು ಹೋದರು. ನಾನು ಚಿಕ್ಕವಳಿದ್ದಾಗ ನನಗೆ ಊಟ ಮಾಡಿಸಲು ಅಮ್ಮ ಅವರ ಹೆಸರನ್ನೇ ಹೇಳಿ ಹೆದರಿಸುತ್ತಿದ್ದರು. ನಿಜಜೀವನದಲ್ಲಿ ಮಾತ್ರ ಅವರು ಇರುವೆಯನ್ನೂ ತುಳಿಯದ ಮನುಷ್ಯರಂತೆ.

ಸಭೆಗೆ ಫೋಟೊ ಬೇಕಿತ್ತು. ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ ಥರದ್ದು. ಕೆಂಪು ಕಣ್ಣು, ಕೆನ್ನೆಯ ಮೇಲೆ ಗಾಯದ ಗುರುತು, ಹಲ್ಲಿನ ನಡುವೆ ಚಾಕು. ಒಂದರಲ್ಲಿ ಮಾತ್ರ ಚಾಕು ಇರಲಿಲ್ಲ. ಅದರಲ್ಲಿ ಕೊಡಲಿ ಇತ್ತು.

ನಮ್ಮ ಸಂಘದ ಅಧ್ಯಕ್ಷರು ಕೊಡಗಿನವರು, ಸೇನೆಯಲ್ಲಿ ಕರ್ನಲ್ ಆಗಿದ್ದವರು. ಪಡೆ ಬಿಟ್ಟು ಬಂದ ಮೇಲೆ ಅವರ ಅಧೀನದಲ್ಲಿ ಉಳಿದಿರುವುದು ನಾವಷ್ಟೇ. ಅವರು ಆ ಫೋಟೊಗಳನ್ನು ನೋಡಿ, "ಮೇಡಂ, ಇದಕ್ಕೆ ಹಾರ ಹಾಕಿದ್ರೆ ಯಾರನ್ನೋ ಎನ್‌ಕೌಂಟರ್ ಮಾಡಿದ ಹಾಗಿರುತ್ತೆ. ಬೇರೆ ವ್ಯವಸ್ಥೆ ಮಾಡಿ" ಎಂದರು.

ಮಾರ್ಕೆಟ್ಟಿನ ಫೋಟೊ ಅಂಗಡಿಯ ಭಯ್ಯಾನ ಹತ್ತಿರ ಹೋಗಿ ಕಷ್ಟ ಹೇಳಿಕೊಂಡೆ. ಆತ ಫೋಟೊ ನೋಡಿ ಒಂದು ಕ್ಷಣ ಹಿಂದೆ ಸರಿದ. ಆಮೇಲೆ ಧೈರ್ಯ ತಂದುಕೊಂಡು, "ಟೆನ್ಷನ್ ಮತ್ ಲೀಜಿಯೇ ಮೇಡಂಜೀ, ಅಚ್ಛಾ ಆದ್ಮೀ ಬನಾ ದೇಂಗೇ" ಎಂದ. ಅಂದರೆ, ಇವರನ್ನು ಒಳ್ಳೆಯ ಮನುಷ್ಯನನ್ನಾಗಿ ಮಾಡಿಕೊಡುತ್ತಾನಂತೆ.

ಮಾಡಿಯೂ ಕೊಟ್ಟ. ಫೋಟೊ ನೇರವಾಗಿ ಸಭೆಯ ಹಾಲಿಗೇ ಬಂತು. ಬಿಚ್ಚಿ ನೋಡಿದರೆ ಗಾಯ ಮಾಯ, ಗುಂಗುರು ಮೀಸೆ ಗೆರೆಯಷ್ಟಾಗಿದೆ, ಕಣ್ಣಿನಲ್ಲಿ ಕರುಣೆ ತುಳುಕುತ್ತಿದೆ, ಕೆನ್ನೆಗೆ ಗುಲಾಬಿ ಬಣ್ಣ. ಚಾಕು ಇದ್ದ ಜಾಗದಲ್ಲಿ ಮಂದಹಾಸ. ಬದಲಾಯಿಸಲು ಸಮಯವಿರಲಿಲ್ಲ.

ಬಂದವರೆಲ್ಲ ಬಾಗಿಲಲ್ಲೇ ತಬ್ಬಿಬ್ಬಾದರು. ಒಬ್ಬರು ಹೊರಗೆ ಹೋಗಿ ಹಾಲಿನ ಬೋರ್ಡು ಓದಿಕೊಂಡು ವಾಪಸ್ ಬಂದರು. ಇನ್ನೊಬ್ಬರು ನನ್ನ ಕಿವಿಯಲ್ಲಿ, "ಹುಡುಗ ಲಕ್ಷಣವಾಗಿದಾನೆ. ಎಲ್ಲಿ ಕೆಲಸ?" ಎಂದು ಕೇಳಿದರು. ಮೊದಲ ಭಾಷಣಕಾರರು "ಇವರ ಒಂದು ನೋಟಕ್ಕೆ ಥಿಯೇಟರೇ ನಡುಗುತ್ತಿತ್ತು" ಎಂದು ಫೋಟೊ ಕಡೆ ಕೈ ತೋರಿಸಿದವರು, ಅತ್ತ ತಿರುಗಿ ನೋಡಿ, ಮುಂದಿನ ವಾಕ್ಯವನ್ನೇ ಮರೆತರು.

ಕೊನೆಗೆ ಸದಸ್ಯರೊಬ್ಬರ ವಯಸ್ಸಾದ ತಾಯಿ ನಿಧಾನವಾಗಿ ಬಂದು, ಫೋಟೊಗೆ ಹೂವು ಹಾಕಿ, ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟು ಲಕ್ಷಣವಾಗಿದ್ದನಾ ಇವನು?" ಎಂದರು ನಿಟ್ಟುಸಿರುಬಿಟ್ಟು. "ಹಾಗಾದ್ರೆ ಆ ಹೀರೋಯಿನ್ನೇ ಸುಮ್ಮಸುಮ್ಮನೆ ಕಿರುಚಿಕೊಂಡಿರೋದು."

ಪ್ರತಿಭಾವಂತ ಕುಟುಂಬ

ನನ್ನ ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನೋಯ್ಡಾದಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಾಳೆ. ಒಂದು ಸಲ ನಿರೂಪಣೆ ಮಾಡುವವರಿಗೆ ಜ್ವರ ಬಂತು. ಅವಳನ್ನೇ ಗೋಗರೆದು ಮೈಕಿನ ಮುಂದೆ ನಿಲ್ಲಿಸಿದೆ. ಅಂದಿನ ಸಭೆ ಒಬ್ಬ ಹಿರಿಯ ಸುಗಮ ಸಂಗೀತ ಗಾಯಕರದ್ದು. ಅವರ ತಮ್ಮನ ಸಂಸಾರ ನೋಯ್ಡಾದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿತ್ತು.

ಮಗಳು ವೇದಿಕೆಯ ಬ್ಯಾನರು ನೋಡಿಕೊಂಡು, ಅಕ್ಷರ ಅಕ್ಷರವಾಗಿ ಕೂಡಿಸಿ, ಚೆನ್ನಾಗಿಯೇ ಶುರು ಮಾಡಿದಳು. "ಎಲ್ಲರಿಗೂ ನಮಸ್ಕಾರ. ಇವತ್ತು ನಾವೆಲ್ಲ ಕೀರ್ತಿಶೇಷ್ ಅಂಕಲ್ ಅವರ ನೆನಪಿನಲ್ಲಿ ಸೇರಿದೀವಿ."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು. ಅಷ್ಟರಲ್ಲಿ ಅವಳು, "ಕೀರ್ತಿಶೇಷ್ ಅಂಕಲ್ ಫ್ಯಾಮಿಲಿ ಪ್ಲೀಸ್ ಸ್ಟೇಜ್ ಮೇಲೆ ಬರಬೇಕು" ಎಂದಳು. ಯಾರೂ ಏಳಲಿಲ್ಲ. ಮತ್ತೆ ಕರೆದಳು. ಗಾಯಕರ ತಮ್ಮ ಸುತ್ತಮುತ್ತ ನೋಡಿ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು. "ಮೊದಲು ಇನ್ಯಾರದ್ದೋ ಇದೆ. ನಮ್ಮಣ್ಣಂದು ಆಮೇಲೆ ಇರ್ಬೇಕು, ಕೂತ್ಕೊ."

ನಾನೇ ಓಡಿಹೋಗಿ ಅವರನ್ನು ವೇದಿಕೆಗೆ ಕರೆತಂದೆ. ಮನೆಗೆ ಬಂದ ಮೇಲೆ ಮಗಳನ್ನು ತರಾಟೆಗೆ ತೆಗೆದುಕೊಂಡೆ. "ಕೀರ್ತಿಶೇಷ ಅಂದ್ರೆ ಹೆಸರಲ್ಲ ಕಣೇ, ತೀರಿಕೊಂಡವರಿಗೆ ಗೌರವದಿಂದ ಹಾಗನ್ನೋದು!"

ಅವಳು ಬಾಯಿ ಬಿಟ್ಟುಕೊಂಡು ನಿಂತಳು.

"ಸಚ್ಚೀ? ಅಮ್ಮಾ, ನಾನು ಚಿಕ್ಕವಳಿದ್ದಾಗಿಂದ ನೋಡ್ತಿದೀನಿ. ಒಬ್ಬ ಕೀರ್ತಿಶೇಷ್ ಅಂಕಲ್ ತಬಲಾ ಬಾರಿಸ್ತಿದ್ರು, ಒಬ್ರು ಮಿನಿಸ್ಟರ್ ಆಗಿದ್ರು, ಒಬ್ಬ ಕೀರ್ತಿಶೇಷ್ ಆಂಟಿ ಡ್ಯಾನ್ಸರು. ಎಷ್ಟು ಟ್ಯಾಲೆಂಟೆಡ್ ಫ್ಯಾಮಿಲಿ, ಪಾಪ ಎಲ್ಲರೂ ಒಬ್ಬೊಬ್ಬರಾಗಿ ಹೋಗ್ತಿದಾರಲ್ಲ ಅಂತ ನನಗೆ ಎಷ್ಟು ಬೇಜಾರಾಗ್ತಿತ್ತು ಗೊತ್ತಾ?"

ಬಹನ್‌ಜೀ

ಇದು ಯಕ್ಷಗಾನದ ಹಿರಿಯ ಕಲಾವಿದರೊಬ್ಬರ ಸಭೆ. ಅವರು ಸ್ತ್ರೀವೇಷಕ್ಕೆ ಪ್ರಸಿದ್ಧರು. ರಂಗದ ಮೇಲೆ ಬಂದರೆ ಹೆಂಗಸರೇ ತಮ್ಮ ಸೀರೆಯ ನೆರಿಗೆ ನೋಡಿಕೊಳ್ಳಬೇಕು, ಅಷ್ಟು ಚೆಂದ. ಅವರ ಮಗ ವಾಯುಸೇನೆಯಲ್ಲಿ ಅಧಿಕಾರಿ, ದೆಹಲಿಯಲ್ಲೇ ಇದ್ದ. ತಂದೆ ಹೋದ ಮೇಲೆ ತಾಯಿಯನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದ. ಆಯಮ್ಮ ಬಂದಾಗಿನಿಂದ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ, ನಗುವುದಂತೂ ದೂರ. ಈ ಸಭೆಯಿಂದ ಅಮ್ಮನಿಗೆ ಸ್ವಲ್ಪ ಸಮಾಧಾನವಾಗಬಹುದು ಎಂದು ಮಗನ ಆಸೆ.

ಮುಖ್ಯ ಅತಿಥಿಯಾಗಿ ಕರ್ನಲ್ ಸಾಹೇಬರು ನಮ್ಮ ಬಡಾವಣೆಯ ಒಬ್ಬ ರಾಜಕೀಯ ಮುಖಂಡರನ್ನು ಕರೆತಂದರು. ಹಿಂದಿಯವರು. ಕಾರಿನಲ್ಲೇ ಕರ್ನಲ್ಲರು ಕಲಾವಿದರ ಬಗ್ಗೆ ಎಲ್ಲವನ್ನೂ ವಿವರಿಸಿದ್ದರಂತೆ. ಆದರೆ ಮುಖಂಡರ ಒಂದು ಕಿವಿಯಲ್ಲಿ ಮೊಬೈಲ್ ಇತ್ತು. ಇನ್ನೊಂದು ಕಿವಿಗೆ ಬಿದ್ದದ್ದು "ಔರತ್" ಅಂದರೆ ಹೆಂಗಸು ಎಂಬ ಒಂದೇ ಪದ ಎಂದು ಕಾಣುತ್ತದೆ. ಹಾಲಿಗೆ ಬಂದರೆ ವೇದಿಕೆಯ ಮೇಲೆ ದೊಡ್ಡ ಫೋಟೊ. ರೇಷ್ಮೆ ಸೀರೆ, ಮೂಗುತಿ, ಮಲ್ಲಿಗೆ ದಂಡೆ. ಮುಖಂಡರು ಕೈಮುಗಿದು ಭಾಷಣ ಆರಂಭಿಸಿದರು.

"ದಕ್ಷಿಣದ ಈ ನಮ್ಮ ಬಹನ್‌ಜೀ..."

ಸಭೆಯಲ್ಲಿ ಪಿಸುಪಿಸು ಎದ್ದಿತು. ಮುಖಂಡರು ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೂ ಮುಂದೆ ಹೋದರು. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಮನೆಯಿಂದ ಹೊರಗೆ ಬಂದು ಕುಣಿಯುವುದೆಂದರೆ ಎಂಥ ಧೈರ್ಯ, ಅತ್ತೆ ಮಾವ ಎಷ್ಟು ಕಾಟ ಕೊಟ್ಟಿರಬಹುದು, ಮಕ್ಕಳಿಗೆ ರೊಟ್ಟಿ ಮಾಡಿಟ್ಟು ಆಟಕ್ಕೆ ಹೋಗುವುದೆಂದರೆ ಹುಡುಗಾಟವೇ ಎಂದೆಲ್ಲ ಹೇಳುತ್ತಾ ಹೋದರು. ಕರ್ನಲ್ಲರು ಜೋರಾಗಿ ಕೆಮ್ಮಿದರು. ಮುಖಂಡರು ಅವರ ಬೆನ್ನು ತಟ್ಟಿ, ದುಃಖ ತಡೆದುಕೊಳ್ಳಿ ಎಂದರು.

ನಾನು ವೇದಿಕೆ ಹತ್ತಿ ಅವರ ಕಿವಿಯ ಬಳಿ ಬಗ್ಗಿ, "ಸರ್, ಬಹನ್‌ಜೀ ನಹೀಂ..." ಎಂದೆ. ಅಕ್ಕ ಅಲ್ಲ, ಅಣ್ಣ ಎಂದು ಹೇಳಲು ಹೊರಟಿದ್ದೆ. ಅವರು ಮುಗಿಸಲು ಬಿಡದೆ ಮೈಕಿನಲ್ಲೇ, "ಹಾಂ, ಬಹನ್‌ಜೀ ನಹೀಂ ರಹೀಂ" ಎಂದು ಕಣ್ಣೊರೆಸಿಕೊಂಡರು. ಹೌದು, ಅಕ್ಕ ನಮ್ಮನ್ನು ಬಿಟ್ಟು ಹೋದರು ಎಂದು.

ಭಾಷಣ ಮುಗಿಸಿ, ಶಾಲು ಕೈಗೆತ್ತಿಕೊಂಡು, ಬಹನ್‌ಜೀಯವರ ಪತಿದೇವರು ಎಲ್ಲಿ ಎಂದು ಕೇಳಿದರು. ಮುಂದಿನ ಸಾಲಿನಿಂದ ಆಯಮ್ಮ ಎದ್ದರು. ತಮಗೆ ಬರುತ್ತಿದ್ದಷ್ಟೇ ಹಿಂದಿಯಲ್ಲಿ, ತುಂಬ ಸ್ಪಷ್ಟವಾಗಿ, "ಪತಿ ನಹೀಂ. ಪತ್ನಿ. ಮೈಂ ಪತ್ನಿ" ಎಂದರು.

ಮುಖಂಡರು ಆಯಮ್ಮನನ್ನು ನೋಡಿದರು. ಫೋಟೊ ನೋಡಿದರು. ಮತ್ತೆ ಆಯಮ್ಮನನ್ನು ನೋಡಿದರು. ಆಮೇಲೆ ಬಹಳ ಗೌರವದಿಂದ ಶಾಲು ಹೊದಿಸಿ, ಬಗ್ಗಿ ನಮಸ್ಕಾರ ಮಾಡಿದರು.

ಆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಮಗ ಓಡಿಬಂದ. ನೋಡಿದರೆ ನಗು. ತಡೆಯಲಾರದ ನಗು. "ನಿಮ್ಮಪ್ಪ ಇದನ್ನ ಕೇಳಿದ್ದಿದ್ರೆ, ಇನ್ನು ಯಾವ ಪ್ರಶಸ್ತಿನೂ ಬೇಡ ಅಂತಿದ್ರು ಕಣೋ!" ಎಂದು ಅವನ ತೋಳು ಹಿಡಿದುಕೊಂಡು ನಕ್ಕೇ ನಕ್ಕರು.

ಇತ್ತ ಮುಖಂಡರು ಕಾರು ಹತ್ತುವಾಗ ಕರ್ನಲ್ಲರ ಕೈ ಕುಲುಕಿ ಗಂಭೀರವಾಗಿ ಹೇಳಿದರಂತೆ: "ದಕ್ಷಿಣದ ಜನ ಹಳೇ ಕಾಲದವರು ಅಂತ ನಾವು ತಪ್ಪು ತಿಳಿದಿದ್ದೆವು ಕರ್ನಲ್ ಸಾಹಬ್. ನೀವು ನಮಗಿಂತ ಎಷ್ಟೋ ಮುಂದಿದ್ದೀರಿ."

ಮೌನಾಚರಣೆ

ಪೌರಾಣಿಕ ನಾಟಕಗಳಲ್ಲಿ ಜೀವಮಾನವೆಲ್ಲ ಆಂಜನೇಯನ ಪಾತ್ರ ಮಾಡಿದ ನಟರೊಬ್ಬರಿದ್ದರು. ಅವರ ಸಭೆ ನಡೆದದ್ದು ನಮ್ಮ ಸೊಸೈಟಿಯ ನೆಲಮಹಡಿಯ ಹಾಲಿನಲ್ಲಿ. ಸೆಕೆ ಎಂದು ಪಾರ್ಕಿನ ಕಡೆಯ ಬಾಗಿಲು ತೆರೆದಿಟ್ಟಿದ್ದೆವು. ಫೋಟೊ ಮುಂದೆ ಹಣ್ಣಿನ ತಟ್ಟೆ.

ಕರ್ನಲ್ಲರು "ಈಗ ಮೌನ" ಎಂದು ವೇದಿಕೆಯಿಂದ ಆಜ್ಞೆ ಕೊಟ್ಟು, ಗದ್ದಲ ಕೇಳಬಾರದೆಂದು ಕಿವಿಯ ಮಷಿನು ಆಫ್ ಮಾಡಿ, ಕಣ್ಣುಮುಚ್ಚಿ ಸೆಟೆದು ನಿಂತರು. ನಾವೂ ನಿಂತೆವು. ಆಗ ಪಾರ್ಕಿನ ಕಡೆಯಿಂದ ಒಂದು ಕೋತಿ ಒಳಗೆ ಬಂತು.

ಬೇರೆ ಯಾವ ದಿನವಾಗಿದ್ದರೂ ಕೋಲು ತೆಗೆದುಕೊಂಡು ಓಡಿಸುತ್ತಿದ್ದೆವು. ಆದರೆ ಅಂದು ಮೌನ. ಮೇಲಾಗಿ, ಸತ್ತವರು ಆಂಜನೇಯನ ಪಾತ್ರಧಾರಿ. ಕೋತಿ ಸಾಲುಗಳ ನಡುವೆ ನಿಧಾನವಾಗಿ ನಡೆದು ಬಂದು, ವೇದಿಕೆ ಹತ್ತಿ, ಫೋಟೊದ ಮುಂದೆ ಕೂತು, ಮೇಲೆ ನೋಡಿತು. ನನ್ನ ಪಕ್ಕದವರು ರೋಮಾಂಚನಗೊಂಡು ಕೈಮುಗಿದರು. ಅದನ್ನು ನೋಡಿ ಉಳಿದವರೂ ಮುಗಿದರು. ಕೋತಿ ಒಂದು ಬಾಳೆಹಣ್ಣು ಸುಲಿಯಿತು, ತಿಂದಿತು, ಇನ್ನೊಂದು ಸುಲಿಯಿತು. ಯಾರದೂ ತುಟಿಪಿಟಕ್ಕಿಲ್ಲ. ಮೌನ ಮುಗಿಸಬೇಕಾದ ಕರ್ನಲ್ಲರಿಗೆ ಏನೂ ಕೇಳುತ್ತಿಲ್ಲ, ಕಾಣುತ್ತಿಲ್ಲ. ಅವರನ್ನು ಮುಟ್ಟಿ ಎಚ್ಚರಿಸೋಣವೆಂದರೆ ನಡುವೆ ಕೋತಿ. ತಟ್ಟೆ ಖಾಲಿಯಾದ ಮೇಲೆ ಅದು ಫೋಟೊದ ಹಾರವನ್ನು ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೊರಟುಹೋಯಿತು.

ಆಗ ಕರ್ನಲ್ಲರು ಕಣ್ಣುಬಿಟ್ಟರು. ಎಲ್ಲರೂ ಕೈಮುಗಿದು, ಬಾಯಿಬಿಟ್ಟುಕೊಂಡು, ಕಣ್ಣು ತುಂಬಿಕೊಂಡು ನಿಂತಿದ್ದರು. ಅವರಿಗೆ ಹೃದಯ ತುಂಬಿ ಬಂತು.

"ಶಾಬಾಶ್" ಎಂದರು. "ಮೌನ ಅಂದ್ರೆ ಹೀಗಿರ್ಬೇಕು. ಒಂದು ಕೋತಿ ಕೂಡ ಕೀಚ್ ಅನ್ಲಿಲ್ಲ."

ವಸಂತ್ ಕುಂಜದ ಭೇಟಿ

ಒಂದು ಚಳಿಗಾಲ ನಮ್ಮ ಸಂಘದ ಮೊಬೈಲ್ ಗ್ರೂಪಿನಲ್ಲಿ, ಹಳೆಯ ಸಿನಿಮಾಗಳ ಹಾಸ್ಯನಟರೊಬ್ಬರು ಇನ್ನಿಲ್ಲ ಎಂದು ಯಾರೋ ಹಾಕಿದರು. ಗುಂಗುರು ಕೂದಲು, ಮುಂದಕ್ಕೆ ಚಾಚಿದ ಹಲ್ಲು, ಉಬ್ಬಿದ ಕೆನ್ನೆ. ಆ ಮುಖ ನೆನೆಸಿಕೊಂಡರೇ ನಗು ಬರುತ್ತದೆ. ಅವರ ಮಗಳು ವಸಂತ್ ಕುಂಜದಲ್ಲೇ ಇದ್ದಾರೆ, ಕಾಲೇಜಿನಲ್ಲಿ ಪಾಠ ಮಾಡುತ್ತಾರೆ ಎಂದು ಇನ್ಯಾರೋ ಹೇಳಿದರು. ಕುಟುಂಬದವರನ್ನು ಖುದ್ದಾಗಿ ಕರೆಯಬೇಕೆಂದು ಕರ್ನಲ್ಲರೂ ನಾನೂ ಹೊರಟೆವು.

ಬಾಗಿಲು ತೆರೆದವರು ಸಣಕಲು ದೇಹದ ವೃದ್ಧರು. ಮಂಕಿ ಕ್ಯಾಪು, ಸ್ವೆಟರು, ಕೈಯಲ್ಲೊಂದು ಊರುಗೋಲು. ಮನೆಯ ಹಿರಿಯರು ಯಾರೋ ಎಂದುಕೊಂಡೆವು.

"ಕನ್ನಡ ಸಂಘದಿಂದ ಬಂದಿದೀವಿ" ಎಂದೆ. ಅವರ ಮುಖ ಅರಳಿತು. ಒಳಗೆ ಕರೆದು ಕೂರಿಸಿದರು.

ಕರ್ನಲ್ಲರು ತಲೆ ತಗ್ಗಿಸಿ, "ವಿಷಯ ಗೊತ್ತಾಯ್ತು ಸರ್. ಬಹಳ ನೋವಾಯ್ತು" ಎಂದರು.

"ಏನ್ಮಾಡೋದು, ವಯಸ್ಸಾಯ್ತಲ್ಲ. ಬಚ್ಚಲಲ್ಲಿ ಜಾರಿದ್ದು."

"ಛೆ, ಬಚ್ಚಲಲ್ಲಾ! ಆಸ್ಪತ್ರೆಗೆ ಸೇರಿಸಿದ್ರಾ?"

"ಸೇರಿಸಿದ್ರು. ಆಪರೇಷನ್ನೂ ಆಯ್ತು."

"ಪ್ರಯೋಜನ ಆಗಲಿಲ್ಲ" ಎಂದು ಕರ್ನಲ್ಲರು ನಿಟ್ಟುಸಿರುಬಿಟ್ಟರು.

"ಹೂಂ, ಈಗಲೂ ಅಷ್ಟಕ್ಕಷ್ಟೇ" ಎಂದರು ಅವರು.

ಕರ್ನಲ್ಲರು ನನ್ನ ಮುಖ ನೋಡಿದರು. ನನಗೂ ಏನೂ ತಿಳಿಯಲಿಲ್ಲ. ದುಃಖದಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡು, "ಭಾನುವಾರ ಒಂದು ಸಭೆ ಇಟ್ಕೊಂಡಿದೀವಿ. ಕಲಾಸೇವೆ ನೆನೆಸ್ಕೊಳ್ಳೋಣ ಅಂತ" ಎಂದೆ.

ಅವರ ಕಣ್ಣು ಒದ್ದೆಯಾಯಿತು. "ಈ ಊರಿಗೆ ಬಂದ ಮೇಲೆ ಯಾರಿಗೂ ನೆನಪೇ ಇಲ್ಲ ಅಂದ್ಕೊಂಡಿದ್ದೆ ಕಣಮ್ಮಾ."

"ಯಾರಾದ್ರೂ ಮರೀತಾರಾ ಸರ್? ಮನೆಯವರು ಯಾರಾದ್ರೂ ಒಬ್ರು ಬರಲೇಬೇಕು."

"ಮನೆಯವರು ಯಾಕೆ, ನಾನೇ ಬರ್ತೀನಿ. ಆದ್ರೆ ಭಾರದ ಹಾರ ಬೇಡ, ಕತ್ತು ನೋವಿದೆ."

"ಹಾರ ಫೋಟೊಗಲ್ವಾ ಸರ್?" ಎಂದರು ಕರ್ನಲ್ಲರು.

"ಫೋಟೊಗ್ಯಾಕೆ? ನಾನೇ ಬರ್ತೀನಲ್ಲ?"

ಕೊನೆಗೆ ನಾನೇ ಮೆಲ್ಲಗೆ, "ಸರ್, ತೀರಿಕೊಂಡವರಿಗೆ ತಾವು ಏನಾಗಬೇಕು?" ಎಂದು ಹಾಸ್ಯನಟರ ಹೆಸರು ಹೇಳಿದೆ.

ಅವರು ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿದರು. ಆಮೇಲೆ ಟೋಪಿ ತೆಗೆದರು. ತಲೆ ನುಣ್ಣಗೆ ಬೋಳು. ಆ ಗುಂಗುರು ಕೂದಲೂ ಆ ಹಲ್ಲೂ ಮೇಕಪ್ಪಿನವೇ ಆಗಿದ್ದವು. ಕೆನ್ನೆ ಉಬ್ಬಿಸಿ, ಒಂದು ಹುಬ್ಬನ್ನು ಮೇಲಕ್ಕೆ ಕುಣಿಸಿದರು. ಅದೇ ಮುಖ! ಕರ್ನಲ್ಲರೂ ನಾನೂ ಗೊಳ್ಳೆಂದು ನಕ್ಕೆವು. ನಗುತ್ತಾ ನಗುತ್ತಾ ನನಗೆ ಅಳು ಬಂತು.

ಕರ್ನಲ್ಲರು ಎದ್ದು ಅಟೆನ್ಷನ್‌ನಲ್ಲಿ ನಿಂತು, "ಸರ್, ದೊಡ್ಡ ಮಿಸ್ಟೇಕ್ ಆಗಿದೆ" ಎಂದು ಎಲ್ಲವನ್ನೂ ಹೇಳಿದರು. ತೀರಿಕೊಂಡದ್ದು ಅದೇ ಹೆಸರಿನ ಬೇರೆ ರಂಗನಟರು ಎಂದು ಆಮೇಲೆ ತಿಳಿಯಿತು. ಬೈಗುಳಕ್ಕೆ ಸಿದ್ಧರಾಗಿ ನಿಂತೆವು. ಅವರು ಊರುಗೋಲನ್ನು ತಿರುಗಿಸುತ್ತಾ ಕೂತಿದ್ದರು.

"ಎಷ್ಟು ಜನ ಬರ್ತಾರೆ?" ಎಂದು ಕೇಳಿದರು.

"ಹಾಲ್ ತುಂಬುತ್ತೆ ಸರ್."

"ಶ್ರದ್ಧಾಂಜಲಿ ಬೇಡ, ಸನ್ಮಾನ ಅಂದ್ರೆ?"

ಕರ್ನಲ್ಲರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಸನ್ಮಾನಕ್ಕೆ ಅಷ್ಟು ಬರಲ್ಲ ಸರ್. ಶ್ರದ್ಧಾಂಜಲಿಗೆ ಬರ್ತಾರೆ."

"ಹಾಗಾದ್ರೆ ಕ್ಯಾನ್ಸಲ್ ಮಾಡ್ಬೇಡಿ" ಎಂದರು. "ನಾನು ಕಂಡ ಕೂಡಲೇ ಜನ ನಗೋರು. ನಿಂತು ಒಂದು ಒಳ್ಳೆ ಮಾತಾಡಿದ್ದು ಕಡಿಮೆ. ನಾನಿಲ್ಲ ಅಂದ್ಕೊಂಡು ಏನು ಹೇಳ್ತಾರೋ ಕೇಳ್ಬೇಕು. ಹಿಂದೆ ಕೂತಿರ್ತೀನಿ."

ಸಂಜೆ ಅವರ ಮಗಳು ಫೋನಿನಲ್ಲಿ ನನ್ನನ್ನು ಚೆನ್ನಾಗಿ ಝಾಡಿಸಿದರು. ಮರುದಿನ ಅವರೇ ಮತ್ತೆ ಫೋನು ಮಾಡಿದರು. ದನಿ ಬೇರೆಯಾಗಿತ್ತು. "ಬಿದ್ದ ಮೇಲೆ ಅಪ್ಪ ಹಾಸಿಗೆ ಬಿಟ್ಟು ಏಳೋಕೇ ಬೇಜಾರು ಮಾಡ್ಕೋತಿದ್ರು. ಇವತ್ತು ತಾವೇ ಎದ್ದು ಶೇವ್ ಮಾಡ್ಕೊಂಡು, ಯಾವ ಷರಟು ಹಾಕ್ಕೊಳ್ಲಿ ಅಂತಿದಾರೆ. ಏನಾದ್ರೂ ಮಾಡ್ಕೊಳ್ಳಿ, ನಾನೂ ಬರ್ತೀನಿ."

ಕರ್ನಲ್ಲರು ಬ್ಯಾನರಿನಿಂದ ಶ್ರದ್ಧಾಂಜಲಿ ಎಂಬ ಪದ ತೆಗೆಸಿ 'ನೆನಪಿನ ಸಭೆ' ಎಂದು ಬರೆಸಿದರು. ಇರುವವರನ್ನು ನೆನೆಯಬಾರದೆಂದು ಎಲ್ಲೂ ಇಲ್ಲವಲ್ಲ.

ಭಾನುವಾರ ಹಾಲ್ ತುಂಬಿತು. ಅವರು ಟೋಪಿ, ಮಫ್ಲರು ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತರು. ಪಕ್ಕದವರು, "ನಿಮಗೂ ಅವರ ಪರಿಚಯವಾ?" ಎಂದು ಕೇಳಿದ್ದಕ್ಕೆ, "ಚಿಕ್ಕಂದಿನಿಂದ" ಎಂದರು.

ನಿವೃತ್ತ ಅಧಿಕಾರಿಯೊಬ್ಬರು ಮೈಕ್ ಹಿಡಿದು, ಆ ಮಹಾನ್ ನಟರು ಬೆಂಗಳೂರಿನಲ್ಲಿ ತಮ್ಮ ಮನೆಗೆ ಯಾವಾಗಲೂ ಬರುತ್ತಿದ್ದರು, ತಮ್ಮ ಹೆಂಡತಿ ಮಾಡಿದ ಅಕ್ಕಿರೊಟ್ಟಿ ಎಂದರೆ ಪ್ರಾಣ ಎಂದರು.

"ಎಣ್ಣೆ ಸ್ವಲ್ಪ ಜಾಸ್ತಿ ಇರ್ತಿತ್ತು" ಎಂದು ಹಿಂದಿನಿಂದ ಒಂದು ದನಿ ಬಂತು.

ಅಧಿಕಾರಿಗಳು ಗಲಿಬಿಲಿಗೊಂಡು, "ಹೌದು, ಎಣ್ಣೆ ಸ್ವಲ್ಪ..." ಎಂದು ಒಪ್ಪಿಕೊಂಡುಬಿಟ್ಟರು.

ಆಮೇಲೆ ಒಬ್ಬ ಹೆಂಗಸು ಬಂದರು. ಭಾಷಣ ಮಾಡಿ ರೂಢಿಯಿಲ್ಲದವರು. "ನಮ್ಮಪ್ಪ ಹೋದ ಮೇಲೆ ಅಮ್ಮ ಮಾತೇ ಬಿಟ್ಟಿದ್ರು. ಒಂದಿನ ಟಿವೀಲಿ ಇವರ ಸೀನ್ ಬಂತು. ಅಮ್ಮ ನಕ್ಕುಬಿಟ್ರು. ಆಮೇಲೆ ಹೊಟ್ಟೆ ಹಸೀತಿದೆ, ಅನ್ನ ಹಾಕು ಅಂದ್ರು. ಅಷ್ಟೇ ಹೇಳೋಣ ಅಂತ ಬಂದೆ" ಎಂದು ಕೆಳಗಿಳಿದರು. ಹಿಂದಿನ ಸಾಲಿನಲ್ಲಿ ಮಂಕಿ ಕ್ಯಾಪು ಕಣ್ಣಿನವರೆಗೂ ಇಳಿಯಿತು.

ಸ್ವಲ್ಪ ಹೊತ್ತಾದ ಮೇಲೆ ಅವರು ಎದ್ದು, ಮಗಳ ತೋಳು ಹಿಡಿದು ವೇದಿಕೆ ಹತ್ತಿದರು. ಟೋಪಿ ತೆಗೆದು, ಕೆನ್ನೆ ಉಬ್ಬಿಸಿ, ಹುಬ್ಬು ಕುಣಿಸಿದರು. ಹಾಲಿನಲ್ಲಿ ಮೊದಲು ಒಂದು ಚೀತ್ಕಾರ, ಆಮೇಲೆ ನಗು. ಎಂಥ ನಗು! ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಕ್ಕಿರೊಟ್ಟಿಯ ಅಧಿಕಾರಿಗಳು ಮಾತ್ರ ಕೈ ಕೈ ಹಿಸುಕಿಕೊಳ್ಳುತ್ತಾ, "ಸರ್, ತಾವಿದ್ದೀರಿ ಅಂತ ಗೊತ್ತಿದ್ದಿದ್ರೆ ನಾನು ಇಷ್ಟೊಂದು ಹೊಗಳ್ತಾನೇ ಇರ್ಲಿಲ್ಲ" ಎಂದರು.

ಎಲ್ಲ ಮುಗಿದ ಮೇಲೆ ಅವರನ್ನು ಕಾರಿನವರೆಗೆ ಕರೆದುಕೊಂಡು ಹೋದೆ. ಸೀಟಿನಲ್ಲಿ ಕೂತು, ಊರುಗೋಲು ಒಳಗೆ ಎಳೆದುಕೊಂಡು, ಏನೋ ಯೋಚಿಸುತ್ತಿದ್ದರು.

"ಹೇಗಿತ್ತು ಸರ್ ಸಭೆ?" ಎಂದು ಕೇಳಿದೆ.

"ಎಲ್ಲರ ಮಾತೂ ಕೇಳಿದೆ ಕಣಮ್ಮಾ" ಎಂದರು. "ತುಂಬಾ ಒಳ್ಳೆ ಮನುಷ್ಯ ಅಂತ ಕಾಣುತ್ತೆ, ಪಾಪ. ಬದುಕಿದ್ದಾಗ ಒಂದ್ಸಲ ಭೇಟಿ ಆಗ್ಬೇಕಿತ್ತು."